ಕತೆಯ ಕಟ್ಟೆ: ಹೊಸ ಕತೆಗಾರರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡೋ ಮೂರೋ ಕತೆ ಬರೆದು, ಮುಂದೇನು ಎಂದು ತೋಚದೆ ನಿಂತವರದು. ಉತ್ತರಗಳನ್ನು ಒಟ್ಟಿಗೆ ಓದಲು ಅನುಕೂಲವಾಗಲೆಂದು ಬಹಳ ಕಡೆ ಒಂದೇ ಉದಾಹರಣೆ ಬಳಸಿದ್ದೇವೆ. ತಂದೆ ತೀರಿಕೊಂಡ ಮನೆ. ಊರಲ್ಲಿ ತಾಯಿ, ಮಗಳು ಸುಮಿತ್ರಾ. ಬೆಂಗಳೂರಿನಲ್ಲಿರುವ ಅಣ್ಣ ಜಮೀನು ಮಾರಲು ಬರುತ್ತಾನೆ. ಅಷ್ಟೇ ಕತೆ.

ನನ್ನ ಕತೆ ಓದಿದವರೆಲ್ಲ "ಭಾಷೆ ಚೆನ್ನಾಗಿದೆ, ಆದ್ರೆ ಕತೆ ಶುರುವಾಗೋದು ತಡ" ಅನ್ನುತ್ತಾರೆ. ಹಿನ್ನೆಲೆ ಹೇಳದೆ ಶುರು ಮಾಡಿದರೆ ಓದುಗರಿಗೆ ಅರ್ಥವಾಗುತ್ತದೆಯೇ?
— ಓದುಗರು, ಹಾವೇರಿ

ಅರ್ಥವಾಗುತ್ತದೆ. ಹೊಸಬರ ಹಸ್ತಪ್ರತಿಗಳಲ್ಲಿ ಪದೇ ಪದೇ ಕಾಣುವ ಆರಂಭಗಳು ಮೂರು: ಬೆಳಗಾಗುವುದು, ಬಸ್ಸಿನ ಕಿಟಕಿಯಲ್ಲಿ ಕೂತು ಹಳೆಯದನ್ನು ನೆನೆಯುವುದು, ಊರಿನ ವರ್ಣನೆ. ಮೂರರಲ್ಲೂ ಬರೆಯುವವರು ಕತೆಯೊಳಗೆ ಹೋಗುವ ಮುನ್ನ ಕೈ ಪಳಗಿಸಿಕೊಳ್ಳುತ್ತಿರುತ್ತಾರೆ. ಮೊದಲ ಕರಡಿನಲ್ಲಿ ಅದು ಬೇಕು, ಬರೆಯಿರಿ. ಆದರೆ ಅದು ಅಚ್ಚಿಗೆ ಹೋಗಬೇಕಾದ ಭಾಗವಲ್ಲ.

ಜಮೀನಿನ ಕತೆಯಲ್ಲಿ ಊರು, ಕೆರೆ, ತಂದೆಯ ಗುಣ, ಅಣ್ಣನ ಓದು, ತಂಗಿಯ ಮದುವೆ ನಿಂತುಹೋದದ್ದು ಎಲ್ಲ ಹೇಳಿ, ಎರಡನೇ ಪುಟದ ಕೊನೆಗೆ ಅಣ್ಣನ ಫೋನು ಬರುತ್ತದೆ ಎಂದಿಟ್ಟುಕೊಳ್ಳಿ. ಅದರ ಬದಲು ಮೊದಲ ಸಾಲೇ ಹೀಗಿದ್ದರೆ: "ಅಣ್ಣ ಬಂದಾಗ ಜೊತೆಯಲ್ಲಿ ಸರ್ವೆಯವನೂ ಇದ್ದ." ಅಣ್ಣ ಹೊರಗಿನಿಂದ ಬಂದವನು, ಜಮೀನಿನ ವಿಚಾರ ಇದೆ, ಮನೆಯವರನ್ನು ಕೇಳದೆ ಏನೋ ತೀರ್ಮಾನವಾಗಿದೆ. ಇಷ್ಟೂ ಆ ಒಂದು ಸಾಲಿಗೇ ಗೊತ್ತಾಗಿಬಿಡುತ್ತದೆ. ಕೆರೆ, ತಂದೆ, ಮದುವೆ ಆಮೇಲೆ ಬರಲಿ. ಒಂದು ಸಲಕ್ಕೆ ಎರಡು ವಾಕ್ಯಕ್ಕಿಂತ ಹೆಚ್ಚು ಹಿನ್ನೆಲೆ ಬೇಡ, ಅದೂ ಆ ಕ್ಷಣದಲ್ಲಿ ನಡೆಯುತ್ತಿರುವುದಕ್ಕೆ ಬೇಕಾದರೆ ಮಾತ್ರ.

ಪರೀಕ್ಷೆ ಸುಲಭ. ಮುಗಿದ ಕತೆಯ ಮೊದಲ 250 ಪದ ತೆಗೆದುಹಾಕಿ, ಉಳಿದದ್ದನ್ನು ಹಿಂದೆ ಓದಿರದ ಒಬ್ಬರಿಗೆ ಕೊಡಿ. ಏನು ಅರ್ಥವಾಗಲಿಲ್ಲ ಎಂದು ಕೇಳಿ. ಅವರು ಕೇಳಿದ್ದನ್ನಷ್ಟೇ ಒಳಗೆ ಎಲ್ಲಾದರೂ ಸೇರಿಸಿ. ಕೇಳದಿದ್ದದ್ದನ್ನು ಮತ್ತೆ ತರಬೇಡಿ, ಎಷ್ಟು ಚೆಂದದ ವಾಕ್ಯವಾಗಿದ್ದರೂ.

ಕತೆಯನ್ನು "ನಾನು" ಎಂದು ಬರೆಯಲೇ, "ಅವಳು" ಎಂದು ಬರೆಯಲೇ? "ಅವಳು" ಎಂದು ಬರೆದಾಗ ಎಲ್ಲರ ಮನಸ್ಸನ್ನೂ ಹೇಳಬಹುದಲ್ಲವೇ?
— ಬಿ.ಎ. ವಿದ್ಯಾರ್ಥಿನಿ, ಶಿರಸಿ

ಹೇಳಬಹುದು, ಆದರೆ ಎರಡು ಸಾವಿರ ಪದದ ಕತೆಯಲ್ಲಿ ಒಬ್ಬರ ಮನಸ್ಸೊಳಗೆ ಮಾತ್ರ ಇರಿ. ಈ ಮೂರು ವಾಕ್ಯ ನೋಡಿ:

"ಸುಮಿತ್ರಾ ಬಾಗಿಲಲ್ಲಿ ನಿಂತಳು. ಅಣ್ಣನ ಮುಖ ನೋಡಲು ಹೆದರಿಕೆಯಾಯಿತು. ಇವಳಿಗೆ ಹೇಗೆ ಹೇಳಲಿ ಎಂದು ಅವನಿಗೂ ಸಂಕಟವಾಗುತ್ತಿತ್ತು."

ಎರಡನೇ ವಾಕ್ಯದವರೆಗೆ ನಾವು ಸುಮಿತ್ರಾಳ ಜೊತೆ ನಿಂತು ಅಣ್ಣ ಏನು ಹೇಳುತ್ತಾನೋ ಎಂದು ಕಾಯುತ್ತಿದ್ದೇವೆ. ಮೂರನೆಯದು ಆ ಕಾಯುವಿಕೆಯನ್ನೇ ಮುಗಿಸಿಬಿಟ್ಟಿತು. ಅಣ್ಣನಿಗೆ ಸಂಕಟವಾಗುತ್ತಿದೆ ಎಂದು ನಮಗೆ ಗೊತ್ತಾದ ಮೇಲೆ ಅವನ ಬಗ್ಗೆ ಅನುಮಾನವೇ ಉಳಿಯುವುದಿಲ್ಲ. ಹೀಗೆ ಬರೆದು ನೋಡಿ: "ಅಣ್ಣ ನೀರಿನ ಲೋಟವನ್ನು ಎರಡು ಸಲ ಎತ್ತಿದ, ಕುಡಿಯಲಿಲ್ಲ." ಸಂಕಟವೋ, ಲೆಕ್ಕಾಚಾರವೋ, ಸುಮಿತ್ರಾಗೂ ಗೊತ್ತಿಲ್ಲ, ಓದುಗರಿಗೂ ಗೊತ್ತಿಲ್ಲ.

ತಪ್ಪು ಹಿಡಿಯಲು, ಮನಸ್ಸಿನೊಳಗಿನದನ್ನು ಹೇಳುವ ಪ್ರತಿ ವಾಕ್ಯಕ್ಕೂ ಗೆರೆ ಎಳೆದು, ಯಾರ ಮನಸ್ಸು ಎಂದು ಪಕ್ಕದಲ್ಲಿ ಬರೆಯಿರಿ. ಅನಿಸಿತು, ಹೊಳೆಯಿತು, ನೆನಪಾಯಿತು, ಬೇಸರವಾಯಿತು, ಗೊತ್ತಿತ್ತು ಎಂಬಂಥ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಎರಡು ಹೆಸರು ಬಂದ ಕಡೆಯೆಲ್ಲ ಎರಡನೆಯವರದನ್ನು ಕಣ್ಣಿಗೆ ಕಾಣುವ ಕೆಲಸವಾಗಿ ಬದಲಿಸಿ.

"ನಾನು" ಎಂದು ಬರೆಯುವುದಾದರೆ ಮೊದಲೇ ಒಂದು ವಿಷಯ ಗೊತ್ತುಮಾಡಿಕೊಳ್ಳಿ: ಈ "ನಾನು" ಕತೆ ಹೇಳುತ್ತಿರುವುದು ಯಾವಾಗ? ಅದೇ ವಾರವೋ, ಇಪ್ಪತ್ತು ವರ್ಷದ ನಂತರವೋ? ಇಪ್ಪತ್ತು ವರ್ಷದ ಮೇಲೆ ಹೇಳುವವಳಿಗೆ ಅಣ್ಣ ಕೊನೆಗೆ ಏನು ಮಾಡಿದನೆಂದು ಗೊತ್ತಿರುತ್ತದೆ. ಗೊತ್ತಿದ್ದೂ ಓದುಗರಿಂದ ಮುಚ್ಚಿಟ್ಟು ಕೊನೆಗೆ ಬೆರಗು ಹುಟ್ಟಿಸಲು ಹೊರಟರೆ ಅದು ಮೋಸವೆಂದೇ ಕಾಣುತ್ತದೆ.

ನನ್ನ ಊರು ವಿಜಯಪುರದ ಕಡೆ, ಈಗ ಬೆಂಗಳೂರಿನಲ್ಲಿದ್ದೇನೆ. ಸಂಭಾಷಣೆಯನ್ನು ನಮ್ಮ ಕಡೆಯ ಮಾತಿನಲ್ಲೇ ಬರೆದರೆ ದಕ್ಷಿಣದವರು ಓದುತ್ತಾರೆಯೇ? ನಿರೂಪಣೆಯೂ ಹಾಗೇ ಇರಬೇಕೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಓದುತ್ತಾರೆ, ಓದಿದ್ದಾರೆ. ದೇವನೂರ ಮಹಾದೇವ ಅವರ ಚಾಮರಾಜನಗರ, ಮೈಸೂರು ಸೀಮೆಯ ಮಾತನ್ನು ಉತ್ತರ ಕರ್ನಾಟಕದವರೂ ಓದಿ ತಮ್ಮದಾಗಿಸಿಕೊಂಡಿದ್ದಾರೆ. ಆದರೆ ಕಿವಿಗೆ ಬಿದ್ದ ಪ್ರತಿ ಸದ್ದನ್ನೂ ಅಕ್ಷರಕ್ಕಿಳಿಸಲು ಹೋದರೆ ನಿಮ್ಮ ಊರಿನವರೇ ತಡವರಿಸುತ್ತಾರೆ.

ಮೊದಲು ಪದಗಳನ್ನು ನೋಡಿಕೊಳ್ಳಿ, ಉಚ್ಚಾರಣೆ ಆಮೇಲೆ. ನಮ್ಮ ಉದಾಹರಣೆಯಲ್ಲಿ "ಜಮೀನು" ಎಂದಿದ್ದೇವೆ. ಮನೆಯೊಳಗಿನ ಮಾತಿನಲ್ಲಿ ಈ ಪದ ಬರುವುದು ಕಡಿಮೆ. ನಿಮ್ಮ ಕಡೆ ಅದು ಹೊಲ, ಮಲೆನಾಡಿನಲ್ಲಿ ಗದ್ದೆ ಅಥವಾ ತೋಟ. ಅಣ್ಣ ಬಾಯಿಬಿಟ್ಟಾಗಲೆಲ್ಲ "ಪ್ರಾಪರ್ಟಿ" ಎಂದು, ಅವ್ವ "ಹೊಲ" ಎಂದರೆ, ಇಬ್ಬರ ನಡುವಿನ ದೂರವನ್ನು ನೀವು ಬೇರೆ ವಿವರಿಸಬೇಕಿಲ್ಲ.

ಆಮೇಲೆ ವಿಭಕ್ತಿ ಮತ್ತು ಕ್ರಿಯಾಪದದ ತುದಿಗಳು. ಊರಾಗ, ಮನ್ಯಾಗ, ಅದಕ್ಕ, ಹೊಂಟೀನಿ, ಮಾಡಾಕತ್ತೀನಿ, ಬರ್ರಿ. ಇಂಥ ಆರೇಳು ಗುರುತುಗಳಿದ್ದರೆ ಓದುಗರ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. "ಹೊಲ ಮಾರೂದು ಬ್ಯಾಡೋ ಯಣ್ಣಾ, ಅಪ್ಪ ಇದ್ರ ಮಾರ್ತಿದ್ನೇನು?" ಇಷ್ಟು ಸಾಕು. ಹಳೇ ಮೈಸೂರಿನ ಕಡೆಯ ಪಾತ್ರಗಳನ್ನು ಬರೆಯುವವರು ಹಕಾರವನ್ನೆಲ್ಲ ತೆಗೆದು "ಆಲು, ಅಣ್ಣು, ಓಗು" ಎಂದು ತುಂಬುವುದುಂಟು. ಆಗ "ಹಾಲು" ಎಲ್ಲಿ, ಆಲದ ಮರ ಎಲ್ಲಿ ಎಂದು ಓದು ನಿಂತುಬಿಡುತ್ತದೆ. ಜೊತೆಗೆ, ಹಳ್ಳಿಯವರ ಮಾತನ್ನು ಮಾತ್ರ ಹೀಗೆ ಒಡೆದು ಬರೆದು, ಪೇಟೆಯವರ ಮಾತನ್ನು ಪುಸ್ತಕದ ಭಾಷೆಯಲ್ಲಿ ಬರೆಯುವುದು ಅನ್ಯಾಯ. ಪೇಟೆಯವರೂ "ಹೋಗುತ್ತೇನೆ" ಅನ್ನುವುದಿಲ್ಲ, "ಹೋಗ್ತೀನಿ" ಅನ್ನುತ್ತಾರೆ.

ಪ್ರತಿ ಪಾತ್ರಕ್ಕೆ ಅರ್ಧ ಪುಟದ ಮಾತಿನ ಪಟ್ಟಿ ಮಾಡಿಕೊಳ್ಳಿ. ಬೇಡ ಎನ್ನುವುದನ್ನು ಹೇಗೆ ಹೇಳುತ್ತಾರೆ, ತಾಯಿಯನ್ನು ಅವ್ವ, ಯವ್ವ, ಅಮ್ಮ, ಆಯಿ ಇವುಗಳಲ್ಲಿ ಏನೆನ್ನುತ್ತಾರೆ, ಸಿಟ್ಟಿನಲ್ಲಿ ಏನೆನ್ನುತ್ತಾರೆ. ಮೊದಲ ಪುಟದಲ್ಲಿ "ಬ್ಯಾಡ" ಎಂದವಳು ನಾಲ್ಕನೇ ಪುಟದಲ್ಲಿ "ಬೇಡ" ಎಂದರೆ ಅದಕ್ಕೆ ಕಾರಣವಿರಬೇಕು. ಅವಳು ಮಾತಾಡುತ್ತಿರುವುದು ಬ್ಯಾಂಕಿನ ಮ್ಯಾನೇಜರ ಜೊತೆ ಎಂಬಂಥ ಕಾರಣ.

ಕನ್ನಡದ ಬರಹಗಾರರ ಕೈಯಲ್ಲಿರುವ ದೊಡ್ಡ ಅನುಕೂಲ ನೀನು–ನೀವು. ಕತೆಯ ಉದ್ದಕ್ಕೂ ಅತ್ತಿಗೆಗೆ "ನೀವು, ಬರ್ರಿ, ಕೂಡ್ರಿ" ಎನ್ನುತ್ತಿದ್ದ ಸುಮಿತ್ರಾ ಒಂದು ಮಾತಿನಲ್ಲಿ "ನೀ ಸುಮ್ನಿರು" ಎಂದರೆ ಜಗಳ ಎಲ್ಲಿಗೆ ಮುಟ್ಟಿತೆಂದು ಓದುಗರಿಗೆ ಗೊತ್ತು. ಅದರ ಪಕ್ಕದಲ್ಲಿ "ಎಂದು ಸುಮಿತ್ರಾ ಕೋಪದಿಂದ ಗುಡುಗಿದಳು" ಎಂದು ಸೇರಿಸಿದಿರೋ, ಕೆಲಸ ಕೆಟ್ಟಿತು. ಅಂದಳು, ಅಂದ, ಕೇಳಿದ ಇವು ಕಣ್ಣಿಗೆ ಬೀಳದ ಪದಗಳು, ಅವನ್ನೇ ಬಳಸಿ. ಉಸುರಿದ, ನುಡಿದ, ಗುಡುಗಿದ, ಗೊಣಗಿದ ಒಂದೇ ಪುಟದಲ್ಲಿ ಸಾಲುಗಟ್ಟಿ ಬಂದರೆ ಓದುಗರ ಗಮನ ಮಾತನ್ನು ಬಿಟ್ಟು ಅವುಗಳ ಮೇಲೆ ಹೋಗುತ್ತದೆ.

ನಿರೂಪಣೆಯ ಬಗ್ಗೆ: "ನಾನು" ಎಂದು ಊರಿನ ಪಾತ್ರವೇ ಹೇಳುತ್ತಿದ್ದರೆ ಇಡೀ ಕತೆ ಆ ಮಾತಿನಲ್ಲಿರಲಿ. ಹೊರಗಿನಿಂದ ಹೇಳುವುದಾದರೆ ಸರಳ ಬರಹದ ಕನ್ನಡ ಸಾಕು, ಆದರೆ ವಸ್ತುಗಳ ಹೆಸರು ಊರಿನದೇ ಇರಲಿ. ಕಂಸದಲ್ಲಿ ಅರ್ಥ, ಅಡಿಟಿಪ್ಪಣಿ ಬೇಡ. "ಬುತ್ತಿ ಬಿಚ್ಚಿ ರೊಟ್ಟಿ ಮುರಿದಳು" ಎಂದಾಗ ಬುತ್ತಿ ಏನೆಂದು ಕೇಳುವವರಿಲ್ಲ.

ವಾಕ್ಯಗಳು ಉದ್ದವಾಗುತ್ತವೆ. ತುಂಡು ಮಾಡಿದರೆ ಶಾಲೆಯ ಪ್ರಬಂಧದಂತೆ ಕಾಣುತ್ತದೆ. ಏನು ಮಾಡಲಿ?
— ಶಿಕ್ಷಕರು, ತುಮಕೂರು

ಉದ್ದ ತೊಂದರೆಯಲ್ಲ. "ಅವಳು ಎದ್ದು, ಬಚ್ಚಲಿಗೆ ಹೋಗಿ, ಮುಖ ತೊಳೆದು, ಒಲೆ ಹಚ್ಚಿ, ಹಾಲು ಕಾಯಿಸಿ, ಅಣ್ಣನಿಗೆ ಕಾಫಿ ಕೊಟ್ಟಳು." ಇದರಲ್ಲಿ ಆರು ಕೆಲಸಕ್ಕೂ ಒಂದೇ ತೂಕ. ದಿನನಿತ್ಯದ ಗಡಿಬಿಡಿ ತೋರಿಸಲು ಇಂಥ ವಾಕ್ಯ ಒಳ್ಳೆಯದೇ. ಆದರೆ ಮುಖ್ಯವಾದ ಕೆಲಸವನ್ನು ಈ ಸರಪಳಿಯಲ್ಲಿ ಪೋಣಿಸಿದರೆ ಅದು ಕಳೆದುಹೋಗುತ್ತದೆ. ಮುಖ್ಯವಾದದ್ದು ಕಾಫಿ ಎಂದಾದರೆ: "ಹಾಲು ಒಂದೇ ಲೋಟಕ್ಕಿತ್ತು. ಅಣ್ಣನಿಗೆ ಕೊಟ್ಟಳು."

ಎರಡನೇ ವಾಕ್ಯದಲ್ಲಿ "ಅವಳು" ಇಲ್ಲದ್ದನ್ನೂ ಗಮನಿಸಿ. "ಕೊಟ್ಟಳು" ಎಂಬಲ್ಲೇ ಅವಳಿದ್ದಾಳೆ. ನಿಮ್ಮ ಒಂದು ಪುಟದಲ್ಲಿ ಅವನು, ಅವಳು, ತಾನು, ತನ್ನ ಎಷ್ಟು ಸಲ ಬಂದಿವೆ ಎಂದು ನೋಡಿ, ತೆಗೆದರೂ ಅರ್ಥ ಕೆಡದ ಕಡೆಯೆಲ್ಲ ತೆಗೆಯಿರಿ. "ತನ್ನ ಕೈಯನ್ನು ತನ್ನ ಸೆರಗಿಗೆ ಒರೆಸಿಕೊಂಡಳು" ಎನ್ನುವುದು "ಸೆರಗಿಗೆ ಕೈ ಒರೆಸಿಕೊಂಡಳು" ಆಗುತ್ತದೆ. ಪ್ರಬಂಧದಂತೆ ಕಾಣುವ ತೊಂದರೆ ಅರ್ಧ ಇದರಿಂದಲೇ ಹೋಗುತ್ತದೆ.

ಗೊತ್ತಿರುವುದನ್ನೇ ಬರೆಯಬೇಕು ಅನ್ನುತ್ತಾರೆ. ನನಗೆ ಗೊತ್ತಿರುವುದು ಕಾಲೇಜು, ಹಾಸ್ಟೆಲು ಮಾತ್ರ. ಕೋರ್ಟು, ಆಸ್ತಿ, ಕಾರ್ಖಾನೆಯ ವಿಷಯ ಬರೆಯಬಾರದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಬರೆಯಿರಿ, ಆದರೆ ತಿಳಿದುಕೊಂಡು. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ತಿಳಿದುಕೊಳ್ಳುವುದು ಬರೀ ತಪ್ಪು ತಪ್ಪಿಸಲು ಎಂದು ಬಹಳ ಮಂದಿ ಭಾವಿಸಿದ್ದಾರೆ. ಒಳ್ಳೆಯ ಕತೆಯ ತಿರುವುಗಳು ಎಷ್ಟೋ ಸಲ ಅಲ್ಲಿಂದಲೇ ಸಿಗುತ್ತವೆ.

ಜಮೀನಿನ ಕತೆಗೇ ಬನ್ನಿ. ಹೊಸಬರ ಕರಡಿನಲ್ಲಿ ಅಣ್ಣ ಶನಿವಾರ ಬರುತ್ತಾನೆ, ಸೋಮವಾರ ಸಹಿ ಹಾಕಿ ಮಾರುತ್ತಾನೆ, ತಂಗಿ ಅಳುತ್ತಾಳೆ. ತಾಲ್ಲೂಕು ಕಚೇರಿಯ ಹತ್ತಿರ ಅರ್ಜಿ ಬರೆದುಕೊಡುವ ಯಾರನ್ನಾದರೂ ಕೇಳಿ, ಹೀಗೆ ಆಗುವುದಿಲ್ಲ ಎನ್ನುತ್ತಾರೆ. ಪಹಣಿ, ಅಂದರೆ ಜಮೀನಿನ ದಾಖಲೆ, ಇನ್ನೂ ತಂದೆಯ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಎಲ್ಲಕ್ಕಿಂತ ಮುಖ್ಯ, ಹಿಂದೂ ಕುಟುಂಬದಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ತಾಯಿಗೂ ಮಗಳಿಗೂ ಪಾಲಿದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಮಗನಷ್ಟೇ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಾಗಾಗಿ ಕೊಳ್ಳುವವನು ಸುಮಿತ್ರಾಳ ಸಹಿ ಕೇಳುತ್ತಾನೆ.

ಈಗ ಕತೆ ಏನಾಯಿತು ನೋಡಿ. ಅಳುತ್ತಾ ಕೂತಿದ್ದ ತಂಗಿಯ ಒಂದು ಸಹಿಗಾಗಿ ಅಣ್ಣ ಬಂದಿದ್ದಾನೆ. ಅವನು ಸೀರೆ ತಂದದ್ದಕ್ಕೆ ಬೇರೆ ಅರ್ಥ ಬಂತು. ಅವನು ಹೋಟೆಲಿನಲ್ಲಿ ಉಳಿಯದೆ ಮನೆಯಲ್ಲೇ ಉಳಿದದ್ದಕ್ಕೂ ಬಂತು. ತಾಯಿ ಯಾರ ಕಡೆ ಎಂಬ ಪ್ರಶ್ನೆ ಹುಟ್ಟಿತು. ಸುಮಿತ್ರಾ ಸಹಿ ಕೊಡಬಹುದು, ಕೊಡದಿರಬಹುದು, ಬದಲಿಗೆ ಏನಾದರೂ ಕೇಳಬಹುದು. ಇದೆಲ್ಲ ಕಲ್ಪನೆಯಿಂದ ಬಂದದ್ದಲ್ಲ, ಕಾಗದಪತ್ರದಿಂದ ಬಂತು.

ಕೇಳುವ ಕ್ರಮ ಹೀಗಿರಲಿ. ಮೊದಲು ಒಂದು ಕರಡು ಬರೆಯಿರಿ, ಗೊತ್ತಿಲ್ಲದ ಕಡೆ ಚೌಕ ಕಂಸ ಹಾಕಿ ಖಾಲಿ ಬಿಡಿ. ಖಾಲಿಗಳ ಪಟ್ಟಿ ಹಿಡಿದು ಆ ಕೆಲಸ ಮಾಡುವ ಇಬ್ಬರ ಹತ್ತಿರ ಮಾತಾಡಿ. ಒಬ್ಬರೇ ಸಾಲದು. ಅವರ ಅಭಿಪ್ರಾಯ ಕೇಳಬೇಡಿ, ದಿನಚರಿ ಕೇಳಿ: ಬೆಳಿಗ್ಗೆ ಬಂದ ಕೂಡಲೇ ಏನು ಮಾಡುತ್ತೀರಿ, ಯಾವುದು ಕೈಗೆ ನೋವು ತರುತ್ತದೆ, ಯಾವ ತಪ್ಪಿಗೆ ಬೈಗುಳ ಬೀಳುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳು "ಶರ್ಟ್ ಹೊಲಿಯುತ್ತೇನೆ" ಅನ್ನುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬರೇ ಇಡೀ ಶರ್ಟ್ ಹೊಲಿಯುವುದಿಲ್ಲ. ಕಾಲರ್ ಕೂರಿಸುವವರು ಬೇರೆ, ಕಫ್ ಮಾಡುವವರು ಬೇರೆ, ಹೆಲ್ಪರ್ ಬೇರೆ, ಚೆಕಿಂಗ್ ಬೇರೆ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಇರುತ್ತದೆ. ಇಡೀ ದಿನ ಬರೀ ಕಾಲರ್ ಮಾಡುವವಳ ಕತೆಯೇ ಬೇರೆ.

ಕೇಳಿದ್ದನ್ನೆಲ್ಲ ತುಂಬಬೇಡಿ. ಹತ್ತು ವಿವರ ಸಿಕ್ಕರೆ ಕತೆಗೆ ಎರಡೋ ಮೂರೋ ಸಾಕು. 11ಇ ನಕ್ಷೆ ಎಂದರೇನು ಎಂದು ಪಾತ್ರದ ಬಾಯಲ್ಲಿ ಪಾಠ ಹೇಳಿಸಬೇಡಿ. ಕಾಲದ ಬಗ್ಗೆಯೂ ಎಚ್ಚರ: 1985ರ ಕತೆಯಲ್ಲಿ ಪಹಣಿ ಕೈಬರಹದ್ದು. ಅದು ಕಂಪ್ಯೂಟರಿನಿಂದ ಬರತೊಡಗಿದ್ದು 2000ದ ಸುಮಾರಿಗೆ, ಭೂಮಿ ಯೋಜನೆಯಲ್ಲಿ.

ಕತೆಯನ್ನು ಹೇಗೆ ಮುಗಿಸುವುದೆಂದು ತಿಳಿಯದೆ ಪಾತ್ರವನ್ನು ಸಾಯಿಸಿಬಿಡುತ್ತೇನೆ.
— ಗೃಹಿಣಿ, ಪುತ್ತೂರು

ಸಾವು, ಕನಸಿನಿಂದ ಎಚ್ಚರವಾಗುವುದು, ಹಠಾತ್ತನೆ ಸಿಕ್ಕ ಪತ್ರ ಇವು ಕತೆಯನ್ನು ಹೊರಗಿನಿಂದ ನಿಲ್ಲಿಸುತ್ತವೆ. ಪಾತ್ರ ತಾನು ಮಾಡಬೇಕಾದ ಆಯ್ಕೆಯಿಂದ ತಪ್ಪಿಸಿಕೊಳ್ಳುತ್ತದೆ. ನಿಮ್ಮ ಪಾತ್ರ ಮೊದಲ ಪುಟದಲ್ಲಿ ಏನನ್ನು ಬಯಸಿತ್ತು ಎಂದು ಒಂದು ವಾಕ್ಯದಲ್ಲಿ ಬರೆಯಿರಿ. ಅದನ್ನು ಪಡೆಯಲು ಅಥವಾ ಬಿಟ್ಟುಕೊಡಲು ಅದು ಮಾಡುವ ಕೊನೆಯ ಕೆಲಸ ಯಾವುದು? ಆ ಕೆಲಸವಾದ ಕೂಡಲೇ ನಿಲ್ಲಿಸಿ. ಸುಮಿತ್ರಾ ಪೆನ್ನು ತೆಗೆದುಕೊಂಡು, ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಲು ಕೂತರೆ ಅದು ಮುಕ್ತಾಯವೇ. ಅಣ್ಣ ಗಡಿಯಾರ ನೋಡುತ್ತಿರಲಿ.

ಅಷ್ಟಾದ ಮೇಲೆ "ಹೆಣ್ಣಿನ ಬಾಳೇ ಇಷ್ಟು" ಎಂಬಂಥ ಸಾಲು ಬರೆಯುವ ಆಸೆ ಬರುತ್ತದೆ. ಬರೆದು, ಹೊಡೆದುಹಾಕಿ. ಬಹಳ ಕತೆಗಳ ನಿಜವಾದ ಕೊನೆ, ಈಗಿನ ಕೊನೆಯ ಪ್ಯಾರಾಕ್ಕಿಂತ ಒಂದು ಪ್ಯಾರಾ ಹಿಂದೆಯೇ ಇರುತ್ತದೆ.

ಎಷ್ಟು ಸಲ ತಿದ್ದಬೇಕು? ತಿದ್ದುತ್ತಾ ಹೋದರೆ ಕತೆ ಸತ್ವ ಕಳೆದುಕೊಳ್ಳುವುದಿಲ್ಲವೇ?
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಕಳೆದುಕೊಳ್ಳುತ್ತದೆ. ಬೇರೆ ಬೇರೆಯಾಗಿ ಮಾಡಿ.

ಮೊದಲ ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು, ಪೆನ್ನು ಹಿಡಿಯದೆ ಒಮ್ಮೆ ಓದಿ. ಈ ಸುತ್ತಿನಲ್ಲಿ ನೋಡಬೇಕಾದದ್ದು ಸನ್ನಿವೇಶಗಳನ್ನು ಮಾತ್ರ: ಯಾವುದನ್ನು ತೆಗೆದರೂ ಕತೆಗೆ ಧಕ್ಕೆಯಿಲ್ಲ, ಯಾವುದು ಇಲ್ಲದೆ ಕುಂಟುತ್ತಿದೆ. ಪದ ತಿದ್ದಬೇಡಿ. ನಾಳೆ ಕಿತ್ತುಹಾಕುವ ಪುಟದ ವಾಕ್ಯಗಳನ್ನು ಇಂದು ನಯಗೊಳಿಸಿದರೆ, ಆ ಪುಟ ಬಿಡಲು ಮನಸ್ಸೇ ಬರುವುದಿಲ್ಲ.

ಎರಡನೇ ಸುತ್ತು ವಿವರಣೆಗಳ ಮೇಲೆ. "ಸುಮಿತ್ರಾ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಅವಳಿಗೆ ತುಂಬಾ ದುಃಖವಾಗಿತ್ತು." ಎರಡನೇ ವಾಕ್ಯ ಮೊದಲನೆಯದರ ಅರ್ಥ ಹೇಳುತ್ತಿದೆ, ತೆಗೆಯಿರಿ. ತೆಗೆದಾಗ ಮೊದಲನೆಯದು ಸಾಲದು ಅನ್ನಿಸಿದರೆ ಅದನ್ನೇ ಬಲಪಡಿಸಿ. ತುಂಬಾ, ಒಂದು ರೀತಿಯ, ಏನೋ ಒಂಥರಾ, ಯಾಕೋ, ಇದ್ದಕ್ಕಿದ್ದಂತೆ, ಅಷ್ಟರಲ್ಲಿ, ಒಂದು ಕ್ಷಣ ಇವುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ಒಂದೊಂದಾಗಿ ನೋಡಿ. ಮುಕ್ಕಾಲು ಪಾಲು ಹೋಗುತ್ತವೆ.

ಮೂರನೆಯದು ಬಾಯಿಬಿಟ್ಟು ಓದುವುದು. ಬೇರೆಯವರಿಂದ ಓದಿಸಿದರೆ ಇನ್ನೂ ಒಳ್ಳೆಯದು. ಅವರು ತಡವರಿಸಿದ ಕಡೆ ಗೆರೆ ಎಳೆಯಿರಿ. ಸಂಭಾಷಣೆಯಲ್ಲಿ ಪುಸ್ತಕದ ಭಾಷೆ ನುಸುಳಿದ್ದರೆ ಕಿವಿ ತಕ್ಷಣ ಹಿಡಿಯುತ್ತದೆ.

ಪ್ರತಿ ಸುತ್ತಿನ ಪ್ರತಿಯನ್ನೂ ಬೇರೆ ಫೈಲಾಗಿ ಉಳಿಸಿ. ಹಳೆಯದು ಚೆನ್ನಾಗಿತ್ತು ಅನ್ನಿಸಿದರೆ ಹಿಂದಿರುಗಬಹುದು, ಆ ಧೈರ್ಯದಿಂದ ಕತ್ತರಿಸಲು ಕೈ ಬರುತ್ತದೆ.

ದಿನಕ್ಕೆ ಎಷ್ಟು ಪದ ಬರೆಯಬೇಕು?
— ಓದುಗರು, ದೋಹಾ

ಮುನ್ನೂರು ಸಾಕು, ವಾರಕ್ಕೆ ಐದು ದಿನ. ಎರಡು ವಾರದೊಳಗೆ ಒಂದು ಕರಡು ಕೈಯಲ್ಲಿರುತ್ತದೆ. ಬರೆಯಲಾಗದ ದಿನ ನಿಮಗೆ ಇಷ್ಟವಾದ ಕತೆಯೊಂದರ ಎರಡು ಪುಟವನ್ನು ಕೈಯಲ್ಲಿ ನಕಲು ಮಾಡಿ. ಪ್ಯಾರಾ ಎಲ್ಲಿ ಮುರಿದಿದ್ದಾರೆ, ಕಾಲ ಎಲ್ಲಿ ಹಾರಿದ್ದಾರೆ ಎಂಬುದು ಓದುವಾಗ ಕಾಣದು, ನಕಲು ಮಾಡುವಾಗ ಕಾಣುತ್ತದೆ. ಊರಿನಿಂದ ದೂರ ಇರುವವರು ಮನೆಯವರ ಫೋನಿನ ಮಾತುಗಳಲ್ಲಿ ಬಂದ ಪದ, ಬೈಗುಳ, ಗಾದೆಗಳನ್ನು ಅಂದಂದೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪತ್ರಿಕೆಗೆ ಕಳಿಸುವಾಗ ಏನೇನು ನೋಡಿಕೊಳ್ಳಬೇಕು? ನನ್ನ ಕತೆ ಕದ್ದರೆ? ಕಾಪಿರೈಟ್ ನೋಂದಾಯಿಸಬೇಕೇ?
— ಓದುಗರು, ಚಿತ್ರದುರ್ಗ

ನೋಂದಣಿ ಕಡ್ಡಾಯವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕತೆ ಬರೆದಾಗಲೇ ಹಕ್ಕು ನಿಮ್ಮದು, ಲೇಖಕರ ಮರಣದ ನಂತರವೂ 60 ವರ್ಷ ಇರುತ್ತದೆ. ದಿನಾಂಕ ಸಮೇತ ಕರಡುಗಳು ಮತ್ತು ಕಳಿಸಿದ ಇಮೇಲ್ ಉಳಿಸಿಕೊಂಡಿರಿ. ಹಕ್ಕು ವರ್ಗಾವಣೆಯ ಪತ್ರ ಬಂದರೆ ಓದಿ ಸಹಿ ಹಾಕಿ. ಅದರಲ್ಲಿ ಅವಧಿ ಬರೆದಿರದಿದ್ದರೆ ಕಾನೂನಿನಲ್ಲಿ 5 ವರ್ಷ ಎಂದೂ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ ಎಂದೂ ಲೆಕ್ಕ.

ಪದಮಿತಿಯನ್ನು ಪ್ರಕಟಣೆಯಲ್ಲಿ ನೋಡಿ ಪಾಲಿಸಿ. ಸ್ಪರ್ಧೆಗಳು ಸಾಮಾನ್ಯವಾಗಿ ಕತೆ ಸ್ವಂತದ್ದು, ಅನುವಾದವಲ್ಲ, ಎಲ್ಲೂ ಪ್ರಕಟವಾಗಿಲ್ಲ ಎಂಬ ಮುಚ್ಚಳಿಕೆ ಕೇಳುತ್ತವೆ. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟಿತ ಎಂದು ಎಣಿಸುವವರು ಹಲವರು. ಸ್ಪರ್ಧೆಯಾದರೆ ಕತೆಯ ಪುಟಗಳಲ್ಲಿ ನಿಮ್ಮ ಹೆಸರು ಇರಬಾರದು ಎಂಬ ನಿಯಮವಿದೆಯೇ ನೋಡಿ. ಒಂದೇ ಕತೆಯನ್ನು ಎರಡು ಕಡೆ ಏಕಕಾಲಕ್ಕೆ ಕಳಿಸಬೇಡಿ. ಉತ್ತರ ಬರದಿದ್ದರೆ ಮೂರು ತಿಂಗಳು ಕಾದು, "ಹಿಂದಕ್ಕೆ ಪಡೆಯುತ್ತಿದ್ದೇನೆ" ಎಂದು ತಿಳಿಸಿ ಬೇರೆಡೆಗೆ ಕಳಿಸಿ.

ಫೈಲು ಯೂನಿಕೋಡ್ ಬೇಕೋ, ಹಳೆಯ ನುಡಿ ಅಥವಾ ಬರಹ ಫಾಂಟ್ ಬೇಕೋ ಕೇಳಿ ತಿಳಿಯಿರಿ. ಪರಿವರ್ತಕ ಬಳಸಿದರೆ ಅರ್ಕಾವತ್ತು, ಒತ್ತಕ್ಷರ, ಇಂಗ್ಲಿಷ್ ಅಂಕಿ ಮತ್ತು ಉದ್ಧರಣ ಚಿಹ್ನೆಗಳು ಕೆಡುತ್ತವೆ, ಒಮ್ಮೆ ಪೂರ್ತಿ ಓದಿ. ಜೊತೆಗೆ ಪಿಡಿಎಫ್ ಕಳಿಸಿದರೆ ಸಂಪಾದಕರಿಗೆ ಹೋಲಿಸಿ ನೋಡಲು ಆಗುತ್ತದೆ. ಕತೆ ಅಚ್ಚಾದ ಮೇಲೆ ಸಂಚಿಕೆಯ ದಿನಾಂಕ ಬರೆದಿಟ್ಟುಕೊಳ್ಳಿ. ಸಂಕಲನ ತರುವಾಗ ಮೊದಲು ಪ್ರಕಟಿಸಿದ ಪತ್ರಿಕೆಗಳನ್ನು ನೆನೆಯುವ ಪುಟಕ್ಕೆ ಅದು ಬೇಕಾಗುತ್ತದೆ.